ತಂತಿಗೆ ‘ಹುರಿ’ ಅನ್ನಬಹುದೇ? ಲ್ಯಾನ್ ಕೇಬಲ್ ಮಾಡುವವರ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ನಾನು ಗದಗಿನಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ಕೆಲಸ ಕಲಿಸುತ್ತೇನೆ. ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಅವರಿಗೆಂದು ಕನ್ನಡದಲ್ಲೇ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಲ್ಯಾನ್ ಕೇಬಲ್, ಅಂದರೆ ಕಂಪ್ಯೂಟರುಗಳನ್ನು ನೆಟ್‌ವರ್ಕಿಗೆ ಸೇರಿಸುವ ಕೇಬಲ್, ಅದನ್ನು ಮಾಡುವ, ಟೆಸ್ಟ್ ಮಾಡುವ ಪಾಠದವರೆಗೆ ಸರಾಗವಾಗಿ ಬಂದೆ. ಅಲ್ಲಿ ಒಂದು ಪದದ ಮುಂದೆ ನಿಂತಿದ್ದೇನೆ. ಆ ಪದ ‘ಹುರಿ’.

ಪದ ನನ್ನದಲ್ಲ, ಬೆಟಗೇರಿಯಿಂದ ಬರುವ ಒಬ್ಬ ವಿದ್ಯಾರ್ಥಿನಿಯದು. ಅವರ ಮನೆಯಲ್ಲಿ ಮಗ್ಗ ಇದೆ. ಅವತ್ತು ಕೇಬಲ್ಲಿನ ಮೇಲಿನ ಸಿಪ್ಪೆ ಸುಲಿದು ಒಳಗಿನ ನಾಲ್ಕು ಜೋಡಿ ತೋರಿಸುತ್ತಿದ್ದೆ. ಒಂದೊಂದು ಜೋಡಿಯಲ್ಲೂ ಎರಡು ತಂತಿ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ನಾನು ಅದಕ್ಕೆ ಯಾವಾಗಲೂ ‘ಟ್ವಿಸ್ಟ್’ ಅಂತಲೇ ಹೇಳುತ್ತಿದ್ದೆ. ಅವಳು ಕೇಳಿದಳು: “ಸರ್, ಹುರಿ ಎಷ್ಟ ಬಿಚ್ಚಬೇಕ್ರಿ?”

ಉತ್ತರ ಸುಲಭ. 13 ಮಿಲಿಮೀಟರ್, ಅಂದರೆ ಸುಮಾರು ಅರ್ಧ ಇಂಚು. ತಂತಿಗಳನ್ನು ನೆಟ್ಟಗೆ ಮಾಡಲು ಮೊದಲು ಸ್ವಲ್ಪ ಜಾಸ್ತಿ ಬಿಚ್ಚಿಕೊಂಡರೂ ಕೇಬಲ್ಲಿನ ತುದಿಗೆ ಕೂರಿಸುವ ಜಾಕಿಗೆ ತೂರಿಸುವ ಮುಂಚೆ ಅಷ್ಟಕ್ಕೇ ಕತ್ತರಿಸಬೇಕು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪ್ರಶ್ನೆಯೇ. ಇಷ್ಟು ವರ್ಷದಲ್ಲಿ ‘ಟ್ವಿಸ್ಟ್ ಎಷ್ಟು ಬಿಚ್ಚಬೇಕು’ ಅಂತ ನನ್ನನ್ನು ಯಾರೂ ಕೇಳಿರಲಿಲ್ಲ. ಎರಡು ಮೂರು ಇಂಚು ಬಿಚ್ಚಿಬಿಡುತ್ತಿದ್ದರು. ಅವರ ಕಣ್ಣಿಗೆ ಆ ಸುತ್ತು ಬರೀ ಕಟ್ಟು, ತಂತಿ ಚೆಲ್ಲಾಪಿಲ್ಲಿ ಆಗದಿರಲಿ ಅಂತ ಮಾಡಿದ್ದು. ಹುರಿ ಅಂದರೆ ಏನು ಅಂತ ಗೊತ್ತಿರುವ ಹುಡುಗಿಗೆ ಮಾತ್ರ ಅದನ್ನು ಬಿಚ್ಚಲು ಕೈ ಹಿಂಜರಿಯಿತು. ಹುರಿ ಬಿಚ್ಚಿದ ನೂಲು ಕೆಲಸಕ್ಕೆ ಬರುವುದಿಲ್ಲ ಅಂತ ಅವಳು ಮನೆಯಲ್ಲೇ ನೋಡಿದ್ದಾಳೆ.

ಈಗ ನನ್ನ ಸಂಶಯಗಳಿಗೆ ಬರುತ್ತೇನೆ.

ಕನ್ನಡದ ಕೆಲವು ಕಂಪ್ಯೂಟರ್ ಪಠ್ಯಗಳಲ್ಲಿ ಇದಕ್ಕೆ ‘ತಿರುಚಿದ ಜೋಡಿ ತಂತಿ’ ಅಂತ ಇರುವುದನ್ನು ನೋಡಿದ್ದೇನೆ. ನನಗೆ ಅದು ಒಗ್ಗುವುದಿಲ್ಲ. ತಿರುಚುವುದು ಅಂದರೆ ಸರಿ ಇದ್ದದ್ದನ್ನು ಕೆಡಿಸುವುದು ಅನ್ನುವ ಭಾವ ಆ ಪದದಲ್ಲಿ ಗಟ್ಟಿಯಾಗಿ ಕೂತಿದೆ. ಹೇಳಿಕೆ ತಿರುಚುತ್ತಾರೆ, ಇತಿಹಾಸ ತಿರುಚುತ್ತಾರೆ. ತಿರುಚಿದ ತಂತಿ ಅಂದಾಗ ಹುಡುಗರು ಅದನ್ನು ಸರಿ ಮಾಡಲು ಹೋದರೆ ತಪ್ಪು ಅವರದಲ್ಲ.

‘ಹೊಸೆ’ ನೋಡಿ. ಬತ್ತಿ ಹೊಸೆಯುತ್ತೇವೆ, ಹಗ್ಗ ಹೊಸೆಯುತ್ತೇವೆ, ನಮ್ಮ ಕಡೆ ಶಾವಿಗೆಯನ್ನೂ ಹೊಸೆಯುತ್ತೇವೆ. ಅಂಗೈಯಲ್ಲಿ ಉಜ್ಜಿ ಉದ್ದ ಮಾಡುವ ಕೈಚಲನೆ ಅದು. ಶಾವಿಗೆಯಲ್ಲಿ ಒಂದೇ ಎಳೆ ಇದ್ದರೂ ಹೊಸೆತ ಇದೆ. ಅಂದರೆ ಎರಡು ಎಳೆ ಕೂಡಲೇಬೇಕು ಅನ್ನುವ ಅರ್ಥ ಅದರಲ್ಲಿ ಇಲ್ಲ. ‘ಹೆಣೆ’ ಅಂದರೆ ಮೇಲೆ ಕೆಳಗೆ ಹಾಯಿಸಿ ಸಿಕ್ಕಿಸುವುದು. ಜಡೆಗೆ, ಬುಟ್ಟಿಗೆ ಅದು ಸರಿ, ಇಲ್ಲಿಗೆ ಅಲ್ಲ. ‘ಮುರಿ’ ಅನ್ನುವುದಕ್ಕೂ ಸುತ್ತು, ತಿರುವು ಎಂಬ ಅರ್ಥ ಇತ್ತು. ಬಲಮುರಿ ಗಣಪತಿ, ಬಲಮುರಿ ಶಂಖ ಅನ್ನುವಾಗ ಅದೇ ಅರ್ಥ. ಆದರೆ ಇವತ್ತು ‘ಮುರಿದ ತಂತಿ’ ಅಂದರೆ ತುಂಡಾದ ತಂತಿ. ಹಾಗಾಗಿ ಅದೂ ಆಗುವುದಿಲ್ಲ.

ಉಳಿದದ್ದು ಹುರಿ. ಎರಡೋ ಮೂರೋ ಎಳೆ ಒಂದರ ಮೇಲೊಂದು ಸುತ್ತಿಕೊಂಡು ಒಂದಾಗಿ ನಿಂತ ಸ್ಥಿತಿ ಅದು. ಹುರಿಹಗ್ಗ ಅನ್ನುತ್ತೇವೆ. ಹುರಿಗಟ್ಟಿದ ಮೈ ಅನ್ನುತ್ತೇವೆ. ಹುರಿದುಂಬಿಸುವುದರಲ್ಲೂ ಇರುವುದು ಇದೇ ಹುರಿ. ಹಳಗನ್ನಡದ ‘ಪುರಿ’ ಹೀಗೆ ಬದಲಾಗಿದೆ, ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ. ಪ-ಕಾರ ಒಂದು ಕಡೆ ಉಳಿದುಕೊಂಡಿದೆ: ಮುಪ್ಪುರಿ. ‘ಸಾಹಿತ್ಯ, ಸಂಗೀತ, ನೃತ್ಯ ಮುಪ್ಪುರಿಗೊಂಡಿವೆ’ ಅಂತ ಪತ್ರಿಕೆಗಳಲ್ಲಿ ಓದುತ್ತೇವಲ್ವಾ, ಅದೇ. ತಮಿಳಿನಲ್ಲಿ ಜನಿವಾರಕ್ಕೆ ಮುಪ್ಪುರಿ ನೂಲು ಅನ್ನುತ್ತಾರೆ.

ಇಲ್ಲಿ ನನಗೊಂದು ಆಸೆ ಹುಟ್ಟಿದೆ. ಮುಮ್ಮಡಿಗೆ ಇಮ್ಮಡಿ ಇದೆ. ಇರ್ ಮತ್ತು ಪತ್ತು ಸೇರಿ ಇಪ್ಪತ್ತು ಆಗಿದೆ. ಹಾಗಾದರೆ ಮುಪ್ಪುರಿಗೆ ಜೊತೆಯಾಗಿ ‘ಇಪ್ಪುರಿ’ ಇರಬಹುದಲ್ವಾ? ಕೇಬಲ್ಲಿನ ಒಳಗೆ ನಾಲ್ಕು ಇಪ್ಪುರಿ. ಬಾಯಿಗೆ ಹಗುರ, ಬರೆಯಲು ಚಿಕ್ಕದು. ಹಳೆಯ ಗ್ರಂಥಗಳಲ್ಲಿ, ಶಾಸನಗಳಲ್ಲಿ ಇಂಥ ರೂಪವನ್ನು ಯಾರಾದರೂ ಕಂಡಿದ್ದೀರಾ? ಕಂಡಿಲ್ಲದಿದ್ದರೂ, ವ್ಯಾಕರಣದ ದಾರಿಯಲ್ಲಿ ಈ ರೂಪ ನಿಲ್ಲುತ್ತದೆಯೇ ಹೇಳಿ.

ಎರಡು ತೊಡಕು ಇವೆ. ಮೊದಲನೆಯದು, ಹುರಿಯುವುದು. ಕಡಲೆ ಹುರಿಯುತ್ತೇವೆ, ರವೆ ಹುರಿಯುತ್ತೇವೆ. ‘ಹುರಿದ ಜೋಡಿ’ ಅಂತ ಬರೆದರೆ ಓದುವವರಿಗೆ ಒಲೆಯೇ ನೆನಪಾಗುತ್ತದೆ. ಹಾಗಾಗಿ ‘ಹುರಿಗೊಂಡ ಜೋಡಿ’ ಅನ್ನಬೇಕು. ಹುರಿಯನ್ನು ನಾಮಪದವಾಗಿಯೇ ಇಟ್ಟುಕೊಳ್ಳಬೇಕು, ಅದರ ಪಕ್ಕಕ್ಕೆ ಬೇರೆ ಕ್ರಿಯಾಪದ ಬರಬೇಕು. ಯಾವ ಕ್ರಿಯಾಪದ? ಹುರಿ ಹಾಕುವುದೋ, ಹುರಿ ಕೊಡುವುದೋ, ಹುರಿ ಮಾಡುವುದೋ? ನೂಲಿನ ಕೆಲಸ ಮಾಡುವವರ ಬಾಯಲ್ಲಿ ಇರುವುದು ಯಾವುದು ಅಂತ ನನಗೆ ಬೇಕು. ರಾಣೆಬೆನ್ನೂರು ಕಡೆ ಕಂಬಳಿ ನೇಯುವವರನ್ನು ಬಲ್ಲವರು, ಗರಗದ ಖಾದಿಯವರನ್ನು ಬಲ್ಲವರು ಇಲ್ಲಿದ್ದರೆ ದಯವಿಟ್ಟು ಕೇಳಿ ತಿಳಿಸಿ.

ಎರಡನೆಯ ತೊಡಕು ಅರ್ಥದ್ದು. ನೂಲಿಗೆ ಹುರಿ ಇರುವುದು ಬಲಕ್ಕೆ. ಕೇಬಲ್ಲಿನ ತಂತಿಗೆ ಹುರಿ ಇರುವುದು ಬಲಕ್ಕಲ್ಲ. ಜೋಡಿಯ ಎರಡು ತಂತಿಗಳಲ್ಲಿ ಒಂದೇ ಸಂಕೇತ ಎದುರುಬದುರಾಗಿ ಹೋಗುತ್ತದೆ. ಒಂದರಲ್ಲಿ ಏರುವಾಗ ಇನ್ನೊಂದರಲ್ಲಿ ಇಳಿಯುತ್ತದೆ. ಹೊರಗಿನ ಗದ್ದಲ, ಅಂದರೆ ಪಕ್ಕದ ಕರೆಂಟ್ ವೈರಿನದ್ದೋ ಮೋಟಾರಿನದ್ದೋ, ಹುರಿ ಇರುವುದರಿಂದ ಎರಡೂ ತಂತಿಗಳ ಮೇಲೆ ಹೆಚ್ಚು ಕಡಿಮೆ ಸಮನಾಗಿ ಬೀಳುತ್ತದೆ. ಆ ತುದಿಯಲ್ಲಿ ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ಓದುವುದರಿಂದ ಗದ್ದಲ ಕಳೆದುಹೋಗುತ್ತದೆ. ಅಕ್ಕಪಕ್ಕದ ಜೋಡಿಗಳು ಒಂದರ ಮಾತು ಇನ್ನೊಂದು ಕದಿಯದಿರಲಿ ಅಂತ ನಾಲ್ಕಕ್ಕೂ ಬೇರೆ ಬೇರೆ ಬಿಗಿಯ ಹುರಿ ಇರುತ್ತದೆ. ಇದೇನು ಹೊಸದಲ್ಲ. ಟೆಲಿಫೋನ್ ತಂತಿಗಳಿಗೆಂದು ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಹೀಗೆ ಜೋಡಿ ಸುತ್ತುವುದಕ್ಕೆ ಪೇಟೆಂಟ್ ಪಡೆದಿದ್ದ.

ಹೀಗೆ ಕಾರಣ ಬೇರೆ ಇರುವಾಗ ಅದೇ ಪದ ಬಳಸಿದರೆ ದಾರಿ ತಪ್ಪಿಸಿದ ಹಾಗೆ ಆಗುತ್ತದೆಯೇ? ನನ್ನ ಅಭಿಪ್ರಾಯದಲ್ಲಿ ಇಲ್ಲ. ಆಕಾರ ಅದೇ. ಕೈಗೆ ಬೇಕಾದ ಎಚ್ಚರ ಅದೇ. ಕಾರಣವನ್ನು ಪಾಠದಲ್ಲಿ ಹೇಳಬಹುದು. ನಿಮಗೆ ಬೇರೆ ಅನ್ನಿಸಿದರೆ ತಿಳಿಸಿ.

ಪದಕ್ಕೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಒಂದು ಹಿನ್ನೆಲೆ ಇದೆ. ನನ್ನ ಹಳೆಯ ನೋಟ್ಸ್‌ನಲ್ಲಿ ‘ಎಂಟು ತಂತಿಗಳನ್ನು ಜೋಡಿ ಜೋಡಿಯಾಗಿ ಜೋಡಿಸಿರಿ’ ಅಂತ ಬರೆದಿದ್ದೆ. ಬಣ್ಣದ ಚಿತ್ರ ಹಿಂದಿನ ಪುಟದಲ್ಲಿತ್ತು. ಜೆರಾಕ್ಸ್ ಆದ ಪ್ರತಿಯಲ್ಲಿ ಬಣ್ಣ ಎಲ್ಲಿಂದ ಬರಬೇಕು? ನನ್ನಲ್ಲಿ ಕಲಿತ ಹುಡುಗನೊಬ್ಬ ನಮ್ಮ ಜಿಲ್ಲೆಯ ಒಂದು ಶಾಲೆಯ ಲ್ಯಾಬಿಗೆ ಹನ್ನೆರಡು ಕೇಬಲ್ ಮಾಡಿಕೊಟ್ಟ. ನಾನು ಬರೆದದ್ದನ್ನೇ ಅಕ್ಷರಶಃ ಪಾಲಿಸಿದ. ಜಾಕಿನ ಎಂಟು ಸ್ಥಾನಗಳಲ್ಲಿ ಒಂದು ಎರಡಕ್ಕೆ ಕೇಸರಿ ಜೋಡಿ, ಮೂರು ನಾಲ್ಕಕ್ಕೆ ಹಸಿರು, ಐದು ಆರಕ್ಕೆ ನೀಲಿ, ಏಳು ಎಂಟಕ್ಕೆ ಕಂದು. ಎರಡೂ ತುದಿಯಲ್ಲಿ ಹಾಗೆಯೇ. ಟೆಸ್ಟರ್ ಹಚ್ಚಿದರೆ ಒಂದರಿಂದ ಎಂಟರವರೆಗೆ ಲೈಟು ಸಾಲಾಗಿ ಹತ್ತಿದವು. “ಎಂಟೂ ಹತ್ತ್ಯಾವ್ರಿ ಸರ್, ಆದ್ರ ನೆಟ್‌ವರ್ಕ್ ಎಳದಾಡತೈತಿ” ಅಂತ ಫೋನ್ ಮಾಡಿದ. ಹತ್ತಿರದ ಕಂಪ್ಯೂಟರುಗಳು ಹೇಗೋ ನಡೆಯುತ್ತಿದ್ದವು. ಉದ್ದ ಕೇಬಲ್ ಇದ್ದ ಕಡೆ ಫೈಲು ಅರ್ಧಕ್ಕೆ ನಿಲ್ಲುತ್ತಿತ್ತು.

ಸರಿಯಾದ ಸಾಲು ಬೇರೆ. ಹೆಚ್ಚಾಗಿ ಬಳಸುವ, ಟಿ568ಬಿ ಎಂಬ ಬಣ್ಣಗಳ ಕ್ರಮದಲ್ಲಿ ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಮೂರು ಆರರಲ್ಲಿ ಹೋಗುವುದು ಒಂದೇ ಸಂಕೇತ, ಹಾಗಾಗಿ ಹಸಿರು ಜೋಡಿ ಮೂರರಲ್ಲೂ ಆರರಲ್ಲೂ ಕೂರುತ್ತದೆ. ನಡುವಿನ ನಾಲ್ಕು ಐದು ನೀಲಿಗೆ, ಟೆಲಿಫೋನ್ ಜಾಕಿನಲ್ಲಿ ಲೈನು ನಡುವೆ ಬರುತ್ತಿದ್ದ ಹಾಗೆ. ಹುಡುಗನ ಕೇಬಲ್ಲಿನಲ್ಲಿ ಮೂರನೆಯದು ಹಸಿರು ಜೋಡಿಯ ತಂತಿ, ಆರನೆಯದು ನೀಲಿ ಜೋಡಿಯ ತಂತಿ. ಒಂದೇ ಸಂಕೇತದ ಎರಡು ಅರ್ಧ ಬೇರೆ ಬೇರೆ ಹುರಿಯಲ್ಲಿ ಹೋಗುತ್ತಿದ್ದವು. ಎಂಟು ಲೈಟಿನ ಟೆಸ್ಟರ್ ನೋಡುವುದು ಈ ತುದಿಯ ತಂತಿ ಆ ತುದಿಗೆ ಮುಟ್ಟಿದೆಯೇ ಅಂತ ಮಾತ್ರ. ಯಾವುದು ಯಾವುದರ ಜೊತೆ ಹುರಿಗೊಂಡಿದೆ ಅಂತ ಅದಕ್ಕೆ ತಿಳಿಯುವುದಿಲ್ಲ. ಅದಕ್ಕೆ ದೊಡ್ಡ ಮೀಟರ್ ಬೇಕು.

ಹನ್ನೆರಡನ್ನೂ ಇಬ್ಬರೂ ಕೂತು ಕತ್ತರಿಸಿ ಮತ್ತೆ ಮಾಡಿದೆವು. ತಪ್ಪು ನನ್ನ ವಾಕ್ಯದ್ದು. ‘ಜೋಡಿ’ ಮತ್ತು ‘ಜೋಡಿಸು’ ಒಂದೇ ಸಾಲಿನಲ್ಲಿ ಬಂದರೆ ಇನ್ನೇನಾಗುತ್ತದೆ! ಈಗ ‘ಜೋಡಿಸಿರಿ’ ತೆಗೆದು ‘ಸಾಲು ಹಚ್ಚಿರಿ’ ಅಂತ ಮಾಡಿದ್ದೇನೆ. ನಮ್ಮಲ್ಲಿ ಹಚ್ಚುವುದು ಎಲ್ಲದಕ್ಕೂ ನಡೆಯುತ್ತದೆ. ಆದರೆ ಮೈಸೂರು ಕಡೆ ಹಚ್ಚುವುದು ಅಂದರೆ ದೀಪ ಇಲ್ಲವೇ ತರಕಾರಿ. ಆ ಕಡೆಯವರಿಗೆ ‘ಸಾಲು ಹಚ್ಚಿರಿ’ ಅರ್ಥವಾಗುತ್ತದೆಯೇ? ‘ಸಾಲಾಗಿ ಹೊಂದಿಸಿರಿ’ ಮೇಲೇ?

ಈ ದೋಷಕ್ಕೂ ಒಂದು ಹೆಸರು ಬೇಕು. ‘ಜೋಡಿ ಒಡೆದಿದೆ’ ಅಂದರೆ ತಂತಿ ತುಂಡಾದ ಹಾಗೆ ಕೇಳಿಸುತ್ತದೆ. ‘ಜೋಡಿ ಅಗಲಿದೆ’ ಅಂತ ಒಬ್ಬ ಹೇಳಿದ. ಚೆನ್ನಾಗಿದೆ, ಆದರೆ ಅಗಲಿದವರು ಅಂದರೆ ತೀರಿಕೊಂಡವರು ಅಂತಲೂ ಆಗುತ್ತದೆ. ‘ಜೋಡಿ ತಪ್ಪಿದೆ’ ಅನ್ನುವುದಕ್ಕೆ ನನ್ನ ಮನಸ್ಸು ವಾಲಿದೆ. ಎತ್ತಿನ ವಿಷಯದಲ್ಲಿ ರೈತರು ಏನನ್ನುತ್ತಾರೆ ಅಂತ ಗೊತ್ತಿದ್ದವರು ಬರೆಯಿರಿ.

ಉಳಿದ ದೋಷಗಳಿಗೆ ಪದ ಹುಡುಕುವ ಅಗತ್ಯ ನನಗೆ ಕಂಡಿಲ್ಲ. ಲೈಟು ಹತ್ತದಿದ್ದರೆ ‘ಕಟ್’, ಎರಡು ತಂತಿ ತಾಗಿದರೆ ‘ಶಾರ್ಟ್’, ಕ್ರಮ ಕೆಟ್ಟರೆ ‘ಅದಲುಬದಲು’. ಎಲ್ಲರಿಗೂ ಗೊತ್ತು. ಜಾಕ್, ಕೇಬಲ್, ಟೆಸ್ಟರ್ ಕೂಡ ಹಾಗೇ ಇರಲಿ.

ಒಂದು ಮಾತ್ರ ಉಳಿಯಿತು. ಇಕ್ಕಳದಲ್ಲಿ ಜಾಕನ್ನು ಒತ್ತಿ ಕೂರಿಸುವ ಕೆಲಸಕ್ಕೆ ಹುಬ್ಬಳ್ಳಿಯ ಅಂಗಡಿಗಳಲ್ಲಿ ‘ಜಾಕ್ ಹೊಡಿ’ ಅನ್ನುತ್ತಾರೆ. ಮೊಳೆಗೂ ಹೊಡಿ, ಬಣ್ಣಕ್ಕೂ ಹೊಡಿ, ಗಾಳಿಗೂ ಹೊಡಿ, ಹಾಗೇ ಇದಕ್ಕೂ. ಮಾತಿಗೆ ಅದು ಸಾಕು. ಆದರೆ ಬರೆಯುವಾಗ ನನಗೆ ‘ಕಚ್ಚಿಸು’ ಇಷ್ಟ. ಯಾಕೆಂದರೆ ಒಳಗೆ ನಡೆಯುವುದು ಅದೇ. ಜಾಕಿನೊಳಗಿನ ಎಂಟು ಚಿನ್ನದ ಲೇಪದ ಹಲ್ಲುಗಳು ತಂತಿಯ ಪ್ಲಾಸ್ಟಿಕ್ ಸಿಪ್ಪೆಯನ್ನು ತೂರಿ ತಾಮ್ರಕ್ಕೆ ಕಚ್ಚುತ್ತವೆ. ಹಿಂದಿನ ಇನ್ನೊಂದು ಹಲ್ಲು ಕೇಬಲ್ಲಿನ ಹೊರಸಿಪ್ಪೆಯನ್ನು ಕಚ್ಚಿ ಹಿಡಿಯುತ್ತದೆ, ಎಳೆದರೆ ಬರದಿರಲಿ ಅಂತ. ಹೊಸಬರು ಎಂಟು ತಂತಿಗಳ ಸಿಪ್ಪೆಯನ್ನೂ ಬ್ಲೇಡಿನಲ್ಲಿ ಸುಲಿಯಲು ಕೂರುತ್ತಾರೆ. ‘ಹಲ್ಲು ಕಚ್ಚತೈತಿ, ಸುಲಿಯೂದು ಬ್ಯಾಡ’ ಅಂದರೆ ತಕ್ಷಣ ಬ್ಲೇಡ್ ಕೆಳಗಿಡುತ್ತಾರೆ. ಬೇರೆ ಕಡೆ ಇದಕ್ಕೆ ಏನನ್ನುತ್ತಾರೆ?

ಇನ್ನು ‘ತಂತಿ’ ಮತ್ತು ‘ಎಳೆ’. ಎಂಟಕ್ಕೂ ಎಳೆ ಅನ್ನೋಣ ಅಂತ ಮೊದಲು ಅಂದುಕೊಂಡಿದ್ದೆ. ಆದರೆ ಬಾಗಿಸಿ ಬಳಸುವ ಚಿಕ್ಕ ಕೇಬಲ್‌ಗಳಲ್ಲಿ ಒಂದೊಂದು ತಂತಿಯ ಒಳಗೂ ಕೂದಲಿನಂಥ ತಾಮ್ರದ ಎಳೆಗಳು ಇರುತ್ತವೆ. ಗೋಡೆಯೊಳಗೆ ಹಾಯಿಸುವ ಕೇಬಲ್ಲಿನಲ್ಲಿ ತಂತಿ ಒಂದೇ ಗಟ್ಟಿ ತಾಮ್ರ. ಎರಡಕ್ಕೂ ಜಾಕಿನ ಹಲ್ಲು ಬೇರೆ ಬೇರೆ. ಹಾಗಾಗಿ ಕೇಬಲ್ಲಿನೊಳಗೆ ಜೋಡಿ, ಜೋಡಿಯೊಳಗೆ ತಂತಿ, ತಂತಿಯೊಳಗೆ ಎಳೆ ಅಂತ ಇಟ್ಟುಕೊಂಡಿದ್ದೇನೆ. ಆದರೆ ಮುಪ್ಪುರಿಯಲ್ಲಿ ಹುರಿಗೊಳ್ಳುವುದು ಎಳೆಗಳು. ಇಪ್ಪುರಿಯಲ್ಲಿ ತಂತಿಗಳು ಹುರಿಗೊಂಡರೆ ಕಿವಿಗೆ ಸರಿ ಕೇಳಿಸುತ್ತದೆಯೇ? ಇದೊಂದನ್ನು ಹಳಗನ್ನಡ ಬಲ್ಲವರು ನೋಡಿ ಹೇಳಬೇಕು.

ಬರುವ ಭಾನುವಾರ ಬೆಟಗೇರಿಯ ಆ ಹುಡುಗಿಯ ಮನೆಗೆ ಹೋಗುತ್ತಿದ್ದೇನೆ. ಅವರ ಅಜ್ಜಿ ಮಗ್ಗದ ನೂಲು ನೋಡಿಕೊಳ್ಳುತ್ತಾರಂತೆ. ಹುರಿ ಹಾಕುತ್ತಾರೋ, ಕೊಡುತ್ತಾರೋ ಅವರ ಬಾಯಿಂದಲೇ ಕೇಳಿಕೊಂಡು ಬಂದು ಬರೆಯುತ್ತೇನೆ. ಅಷ್ಟರಲ್ಲಿ ನಿಮ್ಮ ಕಡೆಯ ಮಾತು ಬರಲಿ.