ಮಗಳಿಗೆ ಫೈರ್‌ಫೈಟರ್ ಆಗಬೇಕಂತೆ. ಸಿಪಿಎಟಿ (ಆ ಕೆಲಸಕ್ಕೆ ಸೇರಲು ಕೊಡುವ ದೈಹಿಕ ಪರೀಕ್ಷೆ) ಬಗ್ಗೆ ಗೊತ್ತಿರುವವರು ಇದ್ದೀರಾ?

ಸುಮಾ_ಫ್ರೀಮಾಂಟ್
ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ 19. ಇಲ್ಲೇ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಫೈರ್ ಟೆಕ್ನಾಲಜಿ ಓದುತ್ತಿದ್ದಾಳೆ. ಬರುವ ಬೇಸಿಗೆಗೆ ಸಿಪಿಎಟಿ ಕೊಡುತ್ತಾಳಂತೆ. ಐದು ಅಡಿ ಮೂರು ಇಂಚು, 56 ಕೆಜಿ. ಓಟದಲ್ಲಿ ಚುರುಕು. ನಮ್ಮನೆಯವರು "ಹುಡುಗಿಯರಿಗೆ ಭಾರ ಕಮ್ಮಿ ಇಡ್ತಾರೆ ಬಿಡು" ಅಂತಾರೆ. ಹೌದಾ? ನಮ್ಮ ಬಳಗದಲ್ಲಿ ಕೇಳೋಣ ಅಂದ್ರೆ ಎಲ್ಲರ ಮಕ್ಕಳೂ ಕೋಡಿಂಗು!

ಹಾಸನದ_ಹೈದ
ಅಕ್ಕಾ, ನಾನು ಸಿಪಿಎಟಿ ಪಾಸಾಗಿ ಈಗ ಸ್ಟೇಷನ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಭಾವನವರಿಗೆ ಹೇಳಿ, ಭಾರ ಯಾರಿಗೂ ಕಮ್ಮಿ ಇಲ್ಲ. ಗಂಡು, ಹೆಣ್ಣು, ವಯಸ್ಸು ಏನೂ ನೋಡಲ್ಲ. ಎಲ್ಲರಿಗೂ 50 ಪೌಂಡ್ ವೆಸ್ಟ್ (ಭಾರ ತುಂಬಿದ ತೋಳಿಲ್ಲದ ಜಾಕೆಟ್), ಅಂದ್ರೆ ಹತ್ತಿರ ಹತ್ತಿರ 23 ಕೆಜಿ. ಎಂಟು ಕೆಲಸ, 10 ನಿಮಿಷ 20 ಸೆಕೆಂಡ್‌ನಲ್ಲಿ ಮುಗಿಸಬೇಕು. ಒಂದು ಕೆಲಸದಿಂದ ಇನ್ನೊಂದಕ್ಕೆ ಓಡೋ ಹಾಗಿಲ್ಲ, ನಡೆದೇ ಹೋಗಬೇಕು. ಹಾಗಾಗಿ ಓಟದ ಚುರುಕು ದಮ್ಮಿಗೆ ಒಳ್ಳೆಯದು, ಅಷ್ಟೇ.

ಮೊದಲನೆಯದೇ ಮೆಟ್ಟಿಲು. ಜಾಸ್ತಿ ಜನ ಸುಸ್ತಾಗೋದು ಇಲ್ಲೇ. ವೆಸ್ಟ್ ಮೇಲೆ ಹೆಗಲಿಗೆ ಇನ್ನೂ 25 ಪೌಂಡ್ ಹೇರುತ್ತಾರೆ. ಮಷೀನ್ ಮೇಲೆ ನಿಮಿಷಕ್ಕೆ 60 ಮೆಟ್ಟಿಲಿನಂತೆ ಮೂರು ನಿಮಿಷ. ಕಂಬಿ ಹಿಡಿಯುವಂತಿಲ್ಲ. ತೂರಾಡಿದಾಗ ಒಂದು ಕ್ಷಣ ಮುಟ್ಟಬಹುದು, ಹಿಡಿದುಕೊಂಡರೆ ಎಚ್ಚರಿಕೆ ಕೊಡುತ್ತಾರೆ. ಇಳಿದಾಗ ಮೀನಖಂಡ ಕಲ್ಲಾಗಿರುತ್ತೆ, ಆ ಕಾಲಲ್ಲೇ ಹೋಗಿ ಹೋಸ್ ಎಳೀಬೇಕು. ಮನುಷ್ಯನ ಬದಲಿಗೆ ಇಟ್ಟಿರೋ 165 ಪೌಂಡಿನ ಬೊಂಬೆ ಎಳೆಯೋದು ಏಳನೆಯ ಕೆಲಸ.

ನನಗೆ ಇಷ್ಟವಾಗಿದ್ದು ಏಣಿ. ಎಳೆದರೆ ಮೇಲಕ್ಕೆ ಚಾಚಿಕೊಳ್ಳೋ 24 ಅಡಿ ಏಣಿಯ ಹಗ್ಗವನ್ನು ಕೈಮೇಲೆ ಕೈ ಹಾಕಿ, ಬಾವಿಯಿಂದ ನೀರು ಸೇದೋ ಹಾಗೆ ಎಳೀಬೇಕು. ಇಳಿಸುವಾಗಲೂ ಹಾಗೇ, ಹಗ್ಗ ಜಾರಿದರೆ ಪರೀಕ್ಷೆ ಮುಗೀತು. ಊರಲ್ಲಿ ನೀರು ಸೇದಿದ್ದು ಕೊನೆಗೂ ಕೆಲಸಕ್ಕೆ ಬಂತು!

ಫಿಜಿಯೋ_ದಾವಣಗೆರೆ
ಹೈದ ಹೇಳಿದ್ದು ಸರಿ, ಆದರೆ ಕಾಲಿನ ಬಗ್ಗೆ ಮಾತ್ರ ಯೋಚಿಸಬೇಡಿ. ಕೊನೆಯದು ಛಾವಣಿ ಒಡೆಯುವುದು. ಉದ್ದ ಕೋಲಿನಲ್ಲಿ ಮೂರು ಸಲ ಮೇಲಕ್ಕೆ ತಳ್ಳಿ, ಐದು ಸಲ ಕೆಳಕ್ಕೆ ಎಳೀಬೇಕು. ಹೀಗೆ ನಾಲ್ಕು ಸುತ್ತು. ಅಷ್ಟು ಹೊತ್ತಿಗೆ ಮುಂಗೈ ಸೋತಿರುತ್ತೆ. ಸಣ್ಣ ಮೈಕಟ್ಟಿನವರು ಬರೀ ತೋಳಲ್ಲಿ ಎಳೆಯಬಾರದು. ಮಂಡಿ ಬಗ್ಗಿಸಿ ಮೈಭಾರ ಬಿಟ್ಟು ಎಳೆಯಲಿ.

ಇನ್ನೊಂದು ವಿಷಯ. ಪರೀಕ್ಷೆಗೆ ಮುಂಚಿನ ಎಂಟು ವಾರಗಳಲ್ಲಿ ಓರಿಯೆಂಟೇಶನ್ ಇರುತ್ತೆ. ಅಲ್ಲಿ ನಿಜವಾದ ಸಾಮಾನುಗಳನ್ನೇ ಮುಟ್ಟಿ ನೋಡಬಹುದು. ಬೇಡ ಅಂತ ಸಹಿ ಹಾಕಿ ಬಿಟ್ಟುಬಿಡುವ ಹುಡುಗರಿದ್ದಾರೆ. ಅವಳು ಬಿಡೋದು ಬೇಡ.

ಸುಮಾ_ಫ್ರೀಮಾಂಟ್
ಇಬ್ಬರಿಗೂ ಥ್ಯಾಂಕ್ಸ್. ಇವರಿಗೆ ಓದಿ ಹೇಳಿದೆ, ಮಾತೇ ಇಲ್ಲ :) ವೆಸ್ಟ್ ತರಿಸೋವರೆಗೆ ಬ್ಯಾಗಿಗೆ ಅಕ್ಕಿ ತುಂಬಿ ಮೆಟ್ಟಿಲು ಹತ್ತಿಸಬಹುದಾ?

ಹಾಸನದ_ಹೈದ
ಹತ್ತಿಸಿ ಅಕ್ಕಾ. ಆದರೆ ಬ್ಯಾಗು ಹಿಂದಕ್ಕೆ ಜಗ್ಗುತ್ತೆ, ವೆಸ್ಟಿನಲ್ಲಿ ಭಾರ ಎದೆಗೂ ಬೆನ್ನಿಗೂ ಹಂಚಿರುತ್ತೆ. ಸೋನಾ ಮಸೂರಿಯ 20 ಪೌಂಡ್ ಚೀಲ ಒಂದರಿಂದ ಶುರು ಮಾಡಲಿ, ಒಂದೇ ಸಲ ಎರಡು ಬೇಡ, ಮಂಡಿ ಹೋಗುತ್ತೆ. ಕಂಬಿ ಹಿಡೀತಾಳಾ ಅಂತ ಭಾವ ಪಕ್ಕದಲ್ಲಿ ನಿಂತು ನೋಡಿಕೊಳ್ಳಲಿ.