ಸೋಮವಾರದ ಪ್ರಶ್ನೋತ್ತರ: ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಎಚ್‌ಐವಿ ಇದ್ದರೆ

ಡಾಕ್ಟರ್ (ಉಡುಪಿ), ಸಂಜೆ 7:00: ಎಲ್ಲರಿಗೂ ನಮಸ್ಕಾರ. ಸಂಗಾತಿಗೆ ಎಚ್‌ಐವಿ ಹರಡದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ ತುಂಬಾ ಜನ ಕೇಳಿದ್ದೀರಿ. ಇವತ್ತು ಅದನ್ನೇ ಮಾತಾಡೋಣ. ಹೆಸರು ಹಾಕದೆ ಕೇಳಬಹುದು.

ಸದಸ್ಯ, ಸುರತ್ಕಲ್: ಡಾಕ್ಟ್ರೇ, ಸೊಳ್ಳೆ ಕಚ್ಚಿದರೆ ಬರುತ್ತದಾ? ಮಳೆಗಾಲ, ಮನೆ ತುಂಬಾ ಸೊಳ್ಳೆ.

ಡಾಕ್ಟರ್: ಇಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಈ ವೈರಸ್ ಬೆಳೆಯುವುದಿಲ್ಲ. ಡೆಂಗಿ, ಮಲೇರಿಯಾಕ್ಕೆ ಹೆದರಿ. ಇದಕ್ಕೆ ಬೇಡ.

ಹೆಸರು ಬೇಡ, ಮಂಗಳೂರು: ನನ್ನ ವೈರಲ್ ಲೋಡ್ ರಿಪೋರ್ಟಿನಲ್ಲಿ ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’ ಅಂತ ಬಂದಿದೆ. ಗುಣ ಆಯಿತು ಅಂತಲಾ?

ಡಾಕ್ಟರ್: ಗುಣ ಆಗಿಲ್ಲ. ವೈರಲ್ ಲೋಡ್ ಅಂದರೆ ರಕ್ತದಲ್ಲಿರುವ ವೈರಸ್ಸಿನ ಲೆಕ್ಕ, ಅದು ಪರೀಕ್ಷೆಗೆ ಕಾಣದಷ್ಟು ಇಳಿದಿದೆ. ಮಾತ್ರೆ ವೈರಸ್ಸನ್ನು ಅಡಗಿಸಿ ಇಟ್ಟಿದೆ. ಆದರೂ ಇದು ದೊಡ್ಡ ಸುದ್ದಿ. ಯುರೋಪಿನ ‘ಪಾರ್ಟ್ನರ್’ ಅಧ್ಯಯನ 2016ರಲ್ಲಿ 888 ಜೋಡಿಗಳ ಲೆಕ್ಕ ಕೊಟ್ಟಿತು. ಒಬ್ಬರಿಗೆ ಎಚ್‌ಐವಿ, ಇನ್ನೊಬ್ಬರಿಗೆ ಇಲ್ಲ. ಎಚ್‌ಐವಿ ಇದ್ದವರ ವೈರಲ್ ಲೋಡ್ ಒಂದು ಮಿಲಿಲೀಟರ್ ರಕ್ತಕ್ಕೆ 200ಕ್ಕಿಂತ ಕಡಿಮೆ. ಸುಮಾರು 58,000 ಸಲ ಕಾಂಡೋಮ್ ಇಲ್ಲದೆ ಸೇರಿದ್ದರು. ಸಂಗಾತಿಯಿಂದ ಬಂದ ಸೋಂಕು ಒಂದೂ ಇರಲಿಲ್ಲ. ಆದರೆ ದಿನಾ ಮಾತ್ರೆ ತಗೊಂಡರೆ ಮಾತ್ರ ಈ ಮಾತು.

ಸದಸ್ಯ, ಪುತ್ತೂರು: ಹಾಲೆ ಮರದ ಕಷಾಯ 48 ದಿನ ಕುಡಿದರೆ ನೆಗೆಟಿವ್ ಬರುತ್ತದಂತೆ. ಮೆಸೇಜ್ ಹಾಕಿದ್ದೇನೆ, ಎಲ್ಲರೂ ಓದಿ.

ಡಾಕ್ಟರ್: ಆ ಮೆಸೇಜ್ ಅಳಿಸಿದ್ದೇನೆ. ಆಟಿ ಅಮಾವಾಸ್ಯೆಗೆ ನಮ್ಮ ಮನೆಯಲ್ಲೂ ಹಾಲೆ ಕಷಾಯ ಮಾಡುತ್ತಾರೆ, ನಾನೂ ಕುಡಿಯುತ್ತೇನೆ. ಅದು ಎಚ್‌ಐವಿಗೆ ಔಷಧಿ ಅಲ್ಲ.

ಹೆಸರು ಬೇಡ, ಮಲ್ಪೆ ಕಡೆ, 7:50: ಡಾಕ್ಟ್ರೇ, ನನ್ನ ಗಂಡ ಬೋಟಿನವರು. ಐದು ವರ್ಷದಿಂದ ಮಾತ್ರೆ ತಗೊಳ್ತಿದ್ದರು. ಎರಡು ವರ್ಷದಿಂದ ವೈರಲ್ ಲೋಡ್ ಕಾಣಿಸಿಲ್ಲ. ಮಗು ಬೇಕು ಅಂತ ಡಾಕ್ಟರನ್ನು ಕೇಳಿಯೇ ಕಾಂಡೋಮ್ ಬಿಟ್ಟೆವು. ಮೀನುಗಾರಿಕೆಗೆ ರಜೆ ಅಲ್ವಾ, ಎರಡು ತಿಂಗಳಿಂದ ಮನೆಯಲ್ಲೇ ಇದ್ದಾರೆ. ಇವತ್ತು ಕಪಾಟು ಒರೆಸುವಾಗ ಈ ತಿಂಗಳ ಡಬ್ಬಿ ಸಿಕ್ಕಿತು. ಸೀಲೇ ಒಡೆದಿಲ್ಲ. ಕೇಳಿದರೆ, ಯಾರೋ ಕಳಿಸಿದ್ದನ್ನು ನೋಡಿ 24 ದಿನದಿಂದ ಕಷಾಯ ಮಾತ್ರ ಕುಡಿದಿದ್ದಾರಂತೆ. ನನಗೆ ಪಿರಿಯಡ್ಸ್ ಐದು ದಿನ ತಡ. ಕೈಕಾಲು ನಡುಗುತ್ತಿದೆ.

ಡಾಕ್ಟರ್: ಅಮ್ಮ, ಒಂದೇ ಪ್ರಶ್ನೆ. ಕೊನೆಯ ಸಲ ಸೇರಿದ್ದು ಯಾವತ್ತು, ಎಷ್ಟು ಹೊತ್ತಿಗೆ?

ಸದಸ್ಯೆ, ಕುಂದಾಪುರ: ಇಂಥವರಿಗೆ ಮಗು ಯಾಕೆ ಬೇಕಿತ್ತು?

ಸದಸ್ಯೆ, ಕಾರ್ಕಳ: ನಾಲಗೆ ಹಿಡಿದು ಮಾತಾಡಿ ಅಕ್ಕ. ನನ್ನ ಅಣ್ಣನಿಗೆ ಎಚ್‌ಐವಿ ಉಂಟು. ಅತ್ತಿಗೆಗೆ ಇಲ್ಲ, ಮಗಳಿಗೂ ಇಲ್ಲ. ಅವಳೀಗ ಮೂರನೇ ಕ್ಲಾಸು.

ಸದಸ್ಯ, ಪುತ್ತೂರು: ಮದುವೆಗೆ ಮೊದಲೇ ಜಾತಕದ ಜೊತೆ ರಕ್ತದ ರಿಪೋರ್ಟೂ ಕಡ್ಡಾಯ ಮಾಡಬೇಕು.

ಡಾಕ್ಟರ್: ಇಬ್ಬರೂ ಮನಸ್ಸಿನಿಂದ ಮಾಡಿಸಿಕೊಂಡರೆ ಒಳ್ಳೆಯದೇ. ಒತ್ತಾಯ ಮಾಡುವ ಹಾಗಿಲ್ಲ, 2017ರ ಎಚ್‌ಐವಿ ಕಾಯ್ದೆ ಉಂಟು. ಮಲ್ಪೆಯ ಅಮ್ಮ, ಉತ್ತರ ಕೊಡಿ.

ಹೆಸರು ಬೇಡ, ಮಲ್ಪೆ ಕಡೆ, 8:20: ಶನಿವಾರ ರಾತ್ರಿ. ಹನ್ನೊಂದು ಆಗಿರಬಹುದು.

ಡಾಕ್ಟರ್: ಹಾಗಾದರೆ ಸಮಯ ಉಂಟು. ಗಮನವಿಟ್ಟು ಓದಿ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ವೈರಸ್ ಮತ್ತೆ ಏರುತ್ತದೆ. ಅವರದ್ದು 24 ದಿನ. ಏರಿದೆ ಅಂತಲೇ ಹಿಡಿಯೋಣ. ಸೋಂಕು ತಗಲಿರಬಹುದಾದ ಮೇಲೆ ಅದು ಬೇರು ಬಿಡದ ಹಾಗೆ ತಡೆಯಲು ಮಾತ್ರೆ ಉಂಟು, ಪೆಪ್ ಅಂತಾರೆ. 72 ಗಂಟೆಯ ಒಳಗೆ ಶುರು ಮಾಡಬೇಕು, ಬೇಗ ಆದಷ್ಟು ಒಳ್ಳೆಯದು. ನಿಮ್ಮ ಲೆಕ್ಕ ನಾಳೆ ರಾತ್ರಿ ಹನ್ನೊಂದಕ್ಕೆ ಮುಗಿಯುತ್ತದೆ. ನಾಳೆಗೆ ಇಡಬೇಡಿ. ಈಗಲೇ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ‘ಗಂಡನಿಗೆ ಎಚ್‌ಐವಿ, ಮಾತ್ರೆ ಬಿಟ್ಟಿದ್ದಾರೆ, ನನಗೆ ಪೆಪ್ ಬೇಕು’ ಅಂತ ಹೇಳಿ. ಪಿರಿಯಡ್ಸ್ ತಡ ಆದದ್ದನ್ನೂ ಮುಚ್ಚಿಡಬೇಡಿ. ಗರ್ಭ ನಿಂತಿದ್ದರೂ ಪೆಪ್ ಕೊಡಬಹುದು. ರಿಪೋರ್ಟಿಗಾಗಿ ಮೊದಲ ಮಾತ್ರೆ ತಡ ಮಾಡುವುದಿಲ್ಲ. 72 ಗಂಟೆಗಿಂತ ಹಿಂದೆ ಸೇರಿದ ದಿನಗಳಿಗೆ ಪೆಪ್ ಸಾಲದು, ಹಾಗಾಗಿ ರಕ್ತ ಪರೀಕ್ಷೆ ಇವತ್ತೂ ಆಗಬೇಕು, ಮುಂದೆ ಅವರು ಹೇಳಿದ ದಿನಗಳಲ್ಲೂ ಆಗಬೇಕು.

ಗಂಡನನ್ನು ಕರೆದುಕೊಂಡೇ ಹೋಗಿ. ಇವತ್ತು ಜಗಳ ಬೇಡ. ಅವರೂ ಹೆದರಿಯೇ ಇರುತ್ತಾರೆ.

ಸದಸ್ಯ, ಪುತ್ತೂರು: ನಮ್ಮ ಹಿರಿಯರ ಔಷಧಿಗೆ ಹೀಗೆ ಹೆಸರು ಕೆಡಿಸಬೇಡಿ. ಅಲೋಪತಿಯವರ ಕಥೆಯೇ ಇಷ್ಟು.

ಸದಸ್ಯ, ಮೂಡುಬಿದಿರೆ: ಹಿರಿಯರು ಬೆಳಗಾಗುವ ಮೊದಲು ಹಾಲೆಯ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ವರ್ಷಕ್ಕೆ ಒಂದು ದಿನ ಕುಡಿದರು ಮಾರಾಯ್ರೆ. 48 ದಿನ ಅಂತ ಯಾವ ಅಜ್ಜ ಹೇಳಿದ್ದು? ಹಾಲೆ ಅಂತ ಕಾಸರಕ ಎಂಬ ವಿಷದ ಮರದ ತೊಗಟೆ ತಂದು ನಮ್ಮ ಊರಲ್ಲಿ ಆಸ್ಪತ್ರೆ ಸೇರಿದವರು ಇದ್ದಾರೆ.

ಸದಸ್ಯ, ಪುತ್ತೂರು: ಮರ ಗೊತ್ತಿಲ್ಲದಿದ್ದರೆ ಅದು ಅವರ ತಪ್ಪು.

ಹೆಸರು ಬೇಡ, ಮಣಿಪಾಲ: ಸೋಂಕು ತಗಲುವ ಮೊದಲೇ ತಡೆಯಲು ತಗೊಳ್ಳುವ ಪ್ರೆಪ್ ಮಾತ್ರೆ ಮಂಗಳೂರಲ್ಲಿ ಎಲ್ಲಿ ಸಿಗುತ್ತದೆ?

ಸದಸ್ಯ, ಬಂಟ್ವಾಳ: ಒಂದೇ ಲೋಟದಲ್ಲಿ ನೀರು ಕುಡಿದರೆ? ಸೊಳ್ಳೆ ಕಚ್ಚಿದರೆ?

ಡಾಕ್ಟರ್: ಇಲ್ಲ. ಇಲ್ಲ. ಮೇಲೆ ಓದಿ.

ಸದಸ್ಯ, ಪುತ್ತೂರು: ಕಷಾಯದಿಂದಲೇ ತೊಂದರೆ ಆಯಿತು ಅಂತ ಪ್ರೂಫ್ ಎಲ್ಲಿದೆ?

ಡಾಕ್ಟರ್, 9:15: ಕಪಾಟಿನಲ್ಲಿ ಸೀಲ್ ಒಡೆಯದ ಡಬ್ಬಿ ಉಂಟು, ಅದೇ ಪ್ರೂಫ್. ತೊಂದರೆ ಕಷಾಯದ್ದಲ್ಲ, ಬಿಟ್ಟ ಮಾತ್ರೆಯದ್ದು. ಆ ಮಾತ್ರೆ ಬಿಡಿಸಿದ್ದು ಇಂಥ ಮೆಸೇಜು. ಇನ್ನೊಮ್ಮೆ ಹಾಕಿದರೆ ಗುಂಪಿನಿಂದ ತೆಗೆಯುತ್ತೇನೆ. ಮಲ್ಪೆಯ ಅಮ್ಮ, ಹೊರಟಿರಾ?

ಸದಸ್ಯೆ, ಕಾರ್ಕಳ, 9:40: ಅಕ್ಕ, ಹೊರಟೆ ಅಂತ ಒಂದು ಮಾತು ಹಾಕಿ.

ಡಾಕ್ಟರ್, 10:10: ಫೋನ್ ಹಿಡಿದು ಕೂತಿದ್ದೇನೆ.

ಹೆಸರು ಬೇಡ, ಮಲ್ಪೆ ಕಡೆ, 11:25: ಈಗಷ್ಟೇ ಮೊದಲ ಮಾತ್ರೆ ನುಂಗಿದೆ. ರಕ್ತ ತಗೊಂಡರು. ಅವರು ಹೊರಗೆ ಬೆಂಚಿನಲ್ಲಿ ಕೂತಿದ್ದಾರೆ, ಮಾತಾಡುತ್ತಿಲ್ಲ. ಒಂದನೇ ತಾರೀಕಿಗೆ ಬೋಟ್ ಹೊರಡುತ್ತದೆ ಡಾಕ್ಟ್ರೇ.

ಡಾಕ್ಟರ್: ಒಳ್ಳೆಯದಾಯಿತು ಅಮ್ಮ. ನಿಮ್ಮ ಮಾತ್ರೆ 28 ದಿನ, ಒಂದೂ ತಪ್ಪಬಾರದು. ಬೆಳಿಗ್ಗೆ ಇಬ್ಬರೂ ಅಲ್ಲೇ ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಿ. ಕಷಾಯ ಕುಡಿದದ್ದನ್ನು ಅವರೇ ಬಾಯಿಬಿಟ್ಟು ಹೇಳಲಿ. ಅವರ ಮಾತ್ರೆ ಮತ್ತೆ ಶುರು ಆಗಬೇಕು, ವೈರಲ್ ಲೋಡ್ ನೋಡಬೇಕು. ಅದು ಮತ್ತೆ ಕಾಣದಷ್ಟು ಇಳಿಯುವವರೆಗೆ ಕಾಂಡೋಮ್ ಬೇಕು. ಬೋಟಿಗೆ ಎಷ್ಟು ದಿನದ ಮಾತ್ರೆ ಬೇಕು ಅಂತ ಅಲ್ಲೇ ಹೇಳಿ, ಒಟ್ಟಿಗೆ ಕೇಳಿ ತಗೊಳ್ಳಿ.

ಹೆಸರು ಬೇಡ, ಮಲ್ಪೆ ಕಡೆ: ಆಯಿತು. ಅವರ ಡಬ್ಬಿ ನನ್ನ ಬ್ಯಾಗಲ್ಲೇ ಉಂಟು.