ಬೆಂಬಲ ಬೆಲೆ ಬಗ್ಗೆ ಮಾತಾಡಬೇಕು, ಯಾರ ಪರ ಅಂತಲೂ ಅನ್ನಿಸಬಾರದು. ಹೇಗೆ?

ಹಸಿರುಪೆನ್ನು ಕೇಳಿದ್ದು:

ಕೃಷಿ ವಿಸ್ತರಣೆ ಓದಿ, ಈಗ ರೈತ ಉತ್ಪಾದಕರ ಕಂಪನಿಯೊಂದರಲ್ಲಿ ತರಬೇತಿ ಕೊಡುವ ಕೆಲಸ ಮಾಡ್ತಿದ್ದೇನೆ. ಬೀಜೋಪಚಾರ, ಮಣ್ಣು ಪರೀಕ್ಷೆ ಅಂದ್ರೆ ನಿದ್ದೆಯಲ್ಲೂ ಹೇಳಬಲ್ಲೆ. ಈ ಸಲ ಎಂಎಸ್‌ಪಿ, ಅಂದ್ರೆ ಬೆಳೆಗಳಿಗೆ ಸರ್ಕಾರ ಘೋಷಿಸುವ ಕನಿಷ್ಠ ಬೆಂಬಲ ಬೆಲೆ, ಅದರ ಬಗ್ಗೆ ಸಾರ್ವಜನಿಕರಿಗೆ ತಿಳಿಸಿ ಅಂದಿದ್ದಾರೆ. ಸಭೆಗೆ ರೈತ ಸಂಘದವರು, ಎಪಿಎಂಸಿ ವರ್ತಕರು, ಪಕ್ಷಗಳ ಕಾರ್ಯಕರ್ತರು, ಗೇಣಿಗೆ ಮಾಡುವವರು, ಕೂಲಿಗೆ ಹೋಗುವವರು ಎಲ್ಲರೂ ಬರ್ತಾರೆ. 2020ರ ಮೂರು ಕೃಷಿ ಕಾಯ್ದೆಗಳ ಗಲಾಟೆಯಲ್ಲಿ ಮಾತು ಬಿಟ್ಟವರು ಇನ್ನೂ ಮಾತಾಡಿಲ್ಲ, ಅಂಥವರೂ ಅದೇ ಸಭೆಯಲ್ಲಿ ಕೂರ್ತಾರೆ. "ಇವರದ್ದೂ ಸರಿ, ಅವರದ್ದೂ ಸರಿ" ಅಂತ ಹೇಳಿ ಇಳಿದು ಬಂದರೆ ಯಾರಿಗೂ ಏನೂ ದಕ್ಕಲ್ಲ. ಬರೀ ಅಂಕಿ ಅಂಶ ಹೇಳಿದ್ರೆ ಸಾಕಾಗುತ್ತಾ?

ಹಳೇ ಜೀಪು:

ಸಾಕಾಗಲ್ಲ ಮೇಡಂ. ಇಲಾಖೆಯಲ್ಲಿ ಇದ್ದಷ್ಟು ಕಾಲ ಇಂಥ ಸಭೆಗಳನ್ನೇ ಮಾಡಿದವನು ನಾನು. ಅಂಕಿಗಳಿಗೆ ಪಕ್ಷ ಇಲ್ಲ ನಿಜ, ಆದರೆ ಯಾವ ಅಂಕಿ ಮೊದಲು ಹೇಳ್ತೀರಿ ಅನ್ನೋದರಲ್ಲೇ ಪಕ್ಷ ಬಂದುಬಿಡುತ್ತೆ.

ಭಾರತೀಯ ಆಹಾರ ನಿಗಮದ ಸುಧಾರಣೆಗೆ ಕೇಂದ್ರ ನೇಮಿಸಿದ್ದ ಶಾಂತಕುಮಾರ್ ಸಮಿತಿಯ 2015ರ ವರದಿಯ ಶೇ. 6ನ್ನೇ ನೋಡಿ. ಬೆಂಬಲ ಬೆಲೆಗೆ ಸರ್ಕಾರಿ ಸಂಸ್ಥೆಗೆ ಮಾರಿದ ರೈತರು ಅಷ್ಟೇ ಅಂತ ಅದು ಹೇಳಿತು. "ಇಷ್ಟೇ ಜನಕ್ಕೆ ಸಿಗೋದಾದರೆ ಈ ವ್ಯವಸ್ಥೆ ಯಾಕೆ?" ಅಂತ ಒಬ್ಬರು ಕೇಳ್ತಾರೆ. "ಉಳಿದವರಿಗೆ ಸಿಕ್ಕಿಲ್ಲ, ಅದಕ್ಕೇ ಕಾನೂನು ಮಾಡಿ" ಅಂತ ಇನ್ನೊಬ್ಬರು. ಸಂಖ್ಯೆ ಒಂದೇ. ನೀವು ಎರಡು ವಾದವನ್ನೂ ಹೇಳಿ ಸುಮ್ಮನಾಗಿ, ತೀರ್ಮಾನಕ್ಕೆ ಕೈ ಹಾಕಬೇಡಿ.

ಇನ್ನು "ಖರ್ಚಿನ ಒಂದೂವರೆ ಪಟ್ಟು". ಜಗಳ ಹುಟ್ಟೋದೇ ಇಲ್ಲಿ, ಹಾಗಾಗಿ ನಿಮ್ಮ ಅರ್ಧ ಸಮಯ ಇದಕ್ಕೇ ಇಡಿ. 2018-19ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಬೆಂಬಲ ಬೆಲೆ ಖರ್ಚಿನ ಒಂದೂವರೆ ಪಟ್ಟು ಅಂತ ಘೋಷಿಸಿತು. ರೈತ ಸಂಘಟನೆಗಳು ಸಿಕ್ಕಿಲ್ಲ ಅಂತವೆ. ಯಾರೂ ಸುಳ್ಳು ಹೇಳ್ತಿಲ್ಲ. ಸರ್ಕಾರದ ಲೆಕ್ಕ ಎ2 ಪ್ಲಸ್ ಎಫ್‌ಎಲ್ ಮೇಲೆ: ಬೀಜ, ಗೊಬ್ಬರ, ಕೂಲಿ, ಕೊಟ್ಟ ಗೇಣಿ ಇಂಥ ಕೈಯಿಂದ ಹೋದ ಖರ್ಚು, ಜೊತೆಗೆ ಮನೆಯವರ ದುಡಿಮೆಯ ಬೆಲೆ. ಸಂಘಟನೆಗಳು ಕೇಳೋದು ಸಿ2 ಮೇಲೆ. ಅದರಲ್ಲಿ ಸ್ವಂತ ಜಮೀನಿನ ಬಾಡಿಗೆ, ಹಾಕಿದ ಬಂಡವಾಳದ ಬಡ್ಡಿಯೂ ಸೇರುತ್ತೆ. ಲೆಕ್ಕಕ್ಕೆ ಅಂತ ಕ್ವಿಂಟಲ್‌ಗೆ ಮೊದಲನೆಯದು 1000, ಎರಡನೆಯದು 1400 ಅಂದ್ಕೊಳ್ಳಿ. ಒಂದೂವರೆ ಪಟ್ಟು 1500 ಮತ್ತು 2100. ಇದನ್ನ ಬೋರ್ಡ್ ಮೇಲೆ ಬರೆದು ಸೀಮೆಸುಣ್ಣ ಕೆಳಗಿಡಿ. ಸ್ವಂತ ಜಮೀನಿನ ಬಾಡಿಗೆಯನ್ನ ಖರ್ಚು ಅನ್ನಬೇಕೋ ಬೇಡವೋ ಅಂತ ಅವರೇ ವಾದ ಮಾಡಲಿ. ಅದನ್ನ ಲೆಕ್ಕ ತೀರ್ಮಾನಿಸಲ್ಲ, ಜನ ತೀರ್ಮಾನಿಸಬೇಕು.

ಆಮೇಲೆ ದಾರಿಗಳು. ಸರ್ಕಾರವೇ ಕೊಳ್ಳೋದು ಒಂದು. ಮಾರುಕಟ್ಟೆ ದರ ಬಿದ್ದಾಗ ವ್ಯತ್ಯಾಸ ತುಂಬಿಕೊಡೋದು ಇನ್ನೊಂದು, ಮಧ್ಯಪ್ರದೇಶ 2017ರಲ್ಲಿ ಭಾವಾಂತರ ಅಂತ ಮಾಡಿತಲ್ಲ, ಅದು. ಬೆಲೆಯ ತಂಟೆಗೇ ಹೋಗದೆ ಖಾತೆಗೆ ದುಡ್ಡು ಹಾಕೋದು ಮತ್ತೊಂದು, ಪಿಎಂ ಕಿಸಾನ್‌ನ ವರ್ಷದ 6000 ರೂಪಾಯಿ ಥರ. ಪ್ರತಿಯೊಂದಕ್ಕೂ ಎರಡೇ ಪ್ರಶ್ನೆ ಕೇಳಿ: ದುಡ್ಡು ಯಾರ ಜೇಬಿಂದ ಹೋಗುತ್ತೆ, ಯಾರು ಹೊರಗೆ ಉಳೀತಾರೆ? ಖಾತೆಗೆ ಹಾಕುವ ದುಡ್ಡು ಪಹಣಿಯಲ್ಲಿ ಹೆಸರಿರೋರಿಗೆ ಹೋಗುತ್ತೆ, ಗೇಣಿಯವನು ಹೊರಗೆ. ಖರೀದಿ ಕೇಂದ್ರಕ್ಕೆ ಫ್ರೂಟ್ಸ್ ಐಡಿ, ಅಂದ್ರೆ ಜಮೀನಿನ ದಾಖಲೆಗೆ ಜೋಡಿಸಿದ ರೈತರ ನೋಂದಣಿ ಸಂಖ್ಯೆ ಬೇಕು, ಅಲ್ಲೂ ಅವನಿಗೆ ತೊಡಕೇ. ಧಾನ್ಯದ ಬೆಲೆ ಏರಿದರೆ ಕೊಂಡು ತಿನ್ನುವ ಕೂಲಿಯವಳ ಮೇಲೆ ಭಾರ. ಇವಳ ಹೆಸರು ಯಾವ ವೇದಿಕೆಯಲ್ಲೂ ಬರಲ್ಲ ನೋಡಿ, ನೀವಾದ್ರೂ ತನ್ನಿ.

ಅಡ್ಡಮಾತು:

ಸರ್, ಕೇಳೋಕೆ ಚೆಂದ. ಆದರೆ ಪಕ್ಷ ಹಿಡಿಯದೆ ಸತ್ಯ ಹೇಳಿದವರಿಗೆ ಏನಾಗುತ್ತೆ ಅನ್ನೋದೂ ಗೊತ್ತಿರಲಿ. 1943ರಲ್ಲಿ ಅಮೆರಿಕದ ಅಯೋವಾ ಸ್ಟೇಟ್ ಕಾಲೇಜು ಒಂದು ಕಿರುಹೊತ್ತಗೆ ತಂತು. ಯುದ್ಧಕಾಲದಲ್ಲಿ ಬೆಣ್ಣೆ ಬದಲು ಮಾರ್ಗರಿನ್ (ಎಣ್ಣೆಯಿಂದ ಮಾಡುವ ಬೆಣ್ಣೆಯಂಥ ಪದಾರ್ಥ) ಬಳಸಬಹುದು, ಪೋಷಕಾಂಶದಲ್ಲೂ ಕಡಿಮೆಯಿಲ್ಲ ಅಂತ ಅದರಲ್ಲಿತ್ತು. ಹಾಲು ಉತ್ಪಾದಕರು ಮುಗಿಬಿದ್ದರು, ಕಾಲೇಜು ಅದನ್ನ ವಾಪಸ್ ತಗೊಂಡಿತು. ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥ ಥಿಯೋಡರ್ ಶುಲ್ಟ್ಜ್ ಕೆಲಸ ಬಿಟ್ಟು ಷಿಕಾಗೋಗೆ ಹೋದರು. 1979ರಲ್ಲಿ ಅವರಿಗೆ ನೊಬೆಲ್ ಬಂತು, ಅದು ಬೇರೆ ಮಾತು. ಹಸಿರುಪೆನ್ನು ಅವರಿಗೆ ನೊಬೆಲ್ ಬರೋವರೆಗೆ ಸಂಬಳ ಯಾರು ಕೊಡ್ತಾರೆ?

ಇನ್ನೊಂದು. ಅನ್ಯಾಯ ಕಣ್ಣೆದುರು ಇದ್ದಾಗ ನಡುವೆ ನಿಲ್ಲೋದೂ ಒಂದು ಪಕ್ಷವೇ.

ಹಳೇ ಜೀಪು:

ಒಪ್ಪಿದೆ, ಅರ್ಧ. ಖರೀದಿ ಕೇಂದ್ರದಲ್ಲಿ ತೂಕದಲ್ಲಿ ಹೊಡೆದರೆ ಅದರಲ್ಲಿ ಎರಡು ಅಭಿಪ್ರಾಯ ಇಲ್ಲ, ನೇರ ಹೇಳಬೇಕು. ಎಂಎಸ್‌ಪಿಗೆ ಕಾನೂನಿನ ಬಲ ಇಲ್ಲ, ಕಬ್ಬಿಗೆ ಕಾರ್ಖಾನೆಗಳು ಕೊಡಲೇಬೇಕಾದ ಕನಿಷ್ಠ ದರ ಎಫ್‌ಆರ್‌ಪಿಗೆ ಇದೆ, ಇದೂ ಇದ್ದದ್ದು ಇದ್ದ ಹಾಗೆ. ಆದರೆ ಆ ಬಲ ಕೊಡಬೇಕಾ ಅನ್ನೋದಕ್ಕೆ ನಾನು ತೀರ್ಪು ಕೊಟ್ಟುಬಿಟ್ಟರೆ ಅರ್ಧ ಸಭೆ ಎದ್ದು ಹೋಗುತ್ತೆ. ಉಳಿದರ್ಧ ಚಪ್ಪಾಳೆ ತಟ್ಟುತ್ತೆ, ಹೊಸದೇನೂ ಕಲಿಯಲ್ಲ. ಹೇಳಿದ್ದಕ್ಕೆ ಮೇಲಿನವರಿಂದ ಬೈಸಿಕೊಂಡದ್ದು ಬೇಕಾದಷ್ಟಿದೆ ಅಡ್ಡಮಾತು ಅವರೇ, ಅದು ಇನ್ನೊಂದು ದಿನಕ್ಕೆ.

ಹಸಿರುಪೆನ್ನು:

ಸಿ2 ಲೆಕ್ಕ ಪಾಠದಲ್ಲಿ ಓದಿದ್ದೆ, ಸಭೆಗೆ ಹೀಗೆ ತರಬಹುದು ಅಂತ ಹೊಳೆದಿರಲಿಲ್ಲ. "ನೀವೇನಂತೀರಿ ಮೇಡಂ, ಅದು ಹೇಳಿ ಮೊದಲು" ಅಂತ ಯಾರಾದರೂ ಪಟ್ಟು ಹಿಡಿದರೆ?

ಹಳೇ ಜೀಪು:

ಹಿಡಿದೇ ಹಿಡೀತಾರೆ. ಅಭಿಪ್ರಾಯ ಇಲ್ಲ ಅಂತ ಮಾತ್ರ ಹೇಳಬೇಡಿ, ಯಾರೂ ನಂಬಲ್ಲ. "ಇದೆ, ಕೊನೆಗೆ ಹೇಳ್ತೀನಿ, ಮೊದಲು ನಿಮ್ಮದಾಗಲಿ" ಅನ್ನಿ. ಹೇಳುವಾಗ ಯಾವ ನಷ್ಟ ಒಪ್ಪಿಕೊಂಡು ಹಾಗಂತೀರಿ ಅನ್ನೋದನ್ನೂ ಸೇರಿಸಿ. ಮೈಕ್ ಮೊದಲು ಗೇಣಿಯವರ ಕೈಗೆ ಕೊಡಿ. ಮುಖಂಡರ ಕೈಗೆ ಹೋದರೆ ವಾಪಸ್ ಬರಲ್ಲ.